ಕಲಬುರಗಿಯಲ್ಲಿ ಲಾಫ್ಟ್ ಫ್ಲ್ಯಾಟ್: ಮಂಚ ಮೇಲೆ ಹಾಕುವುದಾ, ಕೆಳಗಾ?

ಸೇಡಂರಸ್ತೆ
ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಸೇಡಂ ರಸ್ತೆ ಕಡೆ ಫ್ಲ್ಯಾಟ್ ತಗೊಂಡಿದ್ದೇವೆ. ಕೊನೆಯ ಮಹಡಿ. ಹಾಲ್ ಎತ್ತರ 16 ಅಡಿ. ಅರ್ಧ ಹಾಲ್ ಮೇಲೆ ಕಬ್ಬಿಣದ ತೊಲೆ ಇಟ್ಟು ಬಿಲ್ಡರ್ ಅಟ್ಟ ಮಾಡಿಕೊಟ್ಟಿದ್ದಾರೆ. ಅಟ್ಟದ ಕೆಳಗೆ 8 ಅಡಿ, ಮೇಲೆ ಏಳೂವರೆ ಅಡಿ. ಕೆಳಗೆ ಒಂದು ಚಿಕ್ಕ ರೂಮ್ ಇದೆ. ಪಶ್ಚಿಮದ ಗೋಡೆ ಪೂರ್ತಿ ಗಾಜು. ಅಡುಗೆಮನೆಗೆ ಬಾಗಿಲಿಲ್ಲ, ಹಾಲ್‌ಗೇ ಸೇರಿಕೊಂಡಿದೆ.

ನಾವು ಗಂಡ ಹೆಂಡತಿ, 3 ವರ್ಷದ ಮಗಳು. ವರ್ಷದಲ್ಲಿ ಅರ್ಧ ಭಾಗ ನಮ್ಮತ್ತೆ ಜೊತೆಗಿರುತ್ತಾರೆ. ಡಿಸೈನರ್ ಕೊಟ್ಟ ಡ್ರಾಯಿಂಗ್‌ನಲ್ಲಿ ಅಟ್ಟದ ಮೇಲೆ ಬೆಡ್‌ರೂಮ್, ಕೆಳಗಿನ ರೂಮ್ ಆಫೀಸ್, ಒಂದು ಗೋಡೆಗೆ ಇಟ್ಟಿಗೆ, ಬೂದು ಬಣ್ಣದ ಲೆದರ್ ಸೋಫಾ, ಕಪ್ಪು ಕಬ್ಬಿಣದ ರೇಲಿಂಗ್, ಸೂರಿನಿಂದ ತೂಗುವ ಬಲ್ಬುಗಳು. ನೋಡಲು ತುಂಬಾ ಚೆನ್ನಾಗಿದೆ. ಆದರೆ ಅವರು ಬೆಂಗಳೂರಿನವರು. ನಮ್ಮೂರಿನ ಮೇ ತಿಂಗಳು ನೋಡಿಲ್ಲ. ಇದೇ ಅನುಮಾನ. ಬಜೆಟ್ 6 ಲಕ್ಷ. ಏನು ಮಾಡಬೇಕು, ಏನು ಬಿಡಬೇಕು ಹೇಳಿ.

ಬಿಸಿಲುನಾಡು
ಕೊನೆಯ ಮಹಡಿ, ಪಶ್ಚಿಮಕ್ಕೆ ಗಾಜು, ಅಟ್ಟದ ಮೇಲೆ ಮಂಚ. ಮೂರೂ ಸೇರಿದರೆ ಹಂಚು ಅಟ್ಟ, ರೊಟ್ಟಿ ನೀವೇ.

ಯಾದಗಿರಿಹುಡುಗ
ಸುಮ್ನೆ ಹೆದರಿಸಬೇಡಿ ಅಣ್ಣಾ. 2 ಟನ್ ಎಸಿ ಹಾಕಿಸಿದರೆ ಮುಗೀತು. ಇಷ್ಟು ಖರ್ಚು ಮಾಡಿ ಮನೆ ತಗೊಂಡವರಿಗೆ ಒಂದು ಎಸಿ ಭಾರವಾ?

ಉಕ್ಕಿನತೊಲೆ
ಸಿವಿಲ್ ಕೆಲಸದವನು, ಇದೇ ಊರು. ಎಸಿ ವಿಚಾರಕ್ಕೆ ಆಮೇಲೆ ಬರೋಣ, ಮೊದಲು ಬಿಸಿಲಿನ ಲೆಕ್ಕ.

ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದಿಂದ ಸ್ವಲ್ಪ ಮೇಲೆ. ಹಾಗಾಗಿ ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನಿಮ್ಮ ತಲೆ ಮೇಲಿನ ಸ್ಲ್ಯಾಬ್ ಹಗಲೆಲ್ಲಾ ಕಾಯುತ್ತದೆ. ಆ ಬಿಸಿ ಒಳಗೆ ಇಳಿಯಲು ಕೆಲವು ಗಂಟೆ ಬೇಕು. ಅಂದರೆ ನೀವು ಮಲಗುವ ಹೊತ್ತಿಗೆ ಸರಿಯಾಗಿ ಅದು ಬಿಸಿ ಬಿಡಲು ಶುರು ಮಾಡುತ್ತದೆ. ಅಟ್ಟದ ಮೇಲೆ ಮಂಚ ಹಾಕಿದರೆ ನಿಮಗೂ ಸ್ಲ್ಯಾಬ್‌ಗೂ 5 ಅಡಿ ಅಂತರ ಅಷ್ಟೇ. ಜೊತೆಗೆ ಹಾಲ್‌ನ ಬಿಸಿ ಗಾಳಿಯೆಲ್ಲಾ ಮೇಲೇರಿ ಅಲ್ಲೇ ಕೂರುತ್ತದೆ.

ಪಶ್ಚಿಮದ ಗಾಜಿನದು ಬೇರೆ ಕಥೆ. ದಕ್ಷಿಣದ ಕಿಟಕಿಗೆ ಮೇಲೊಂದು ಛಜ್ಜ ಇದ್ದರೆ ನೆರಳು ಸಿಗುತ್ತದೆ. ಪಶ್ಚಿಮದಲ್ಲಿ ಹಾಗಾಗುವುದಿಲ್ಲ. ಸಂಜೆ 4ರ ಬಿಸಿಲು ಅಡ್ಡಕ್ಕೆ ಬರುತ್ತದೆ, ಛಜ್ಜ ಅದನ್ನು ತಡೆಯುವುದಿಲ್ಲ.

ಎಸಿ: ಯಾದಗಿರಿಯವರೇ, ತಂಪು ಗಾಳಿ ಭಾರ, ಕೆಳಗೆ ಇಳಿಯುತ್ತದೆ. 16 ಅಡಿ ಎತ್ತರದ ಹಾಲ್‌ಗೆ ಎಸಿ ಹಾಕಿದರೆ ಕೆಳಗಿನ ಟಿವಿ ತಣ್ಣಗಾಗುತ್ತದೆ, ಮೇಲಿನ ಮಂಚ ಬಿಸಿಯಾಗಿಯೇ ಇರುತ್ತದೆ. ಮೆಷಿನ್ ನಿಲ್ಲದೇ ಓಡುತ್ತದೆ, ಬಿಲ್ಲೂ ಹಾಗೇ.

ಡ್ರಾಯಿಂಗ್ ಅನ್ನು ತಿರುಗಿಸಿಬಿಡಿ. ಕೆಳಗಿನ ಚಿಕ್ಕ ರೂಮ್ ಬೆಡ್‌ರೂಮ್ ಆಗಲಿ. ಅದರ ತಲೆ ಮೇಲೆ ಅಟ್ಟ ಇದೆ, ಸ್ಲ್ಯಾಬ್‌ನ ಬಿಸಿ ನೇರವಾಗಿ ತಾಗುವುದಿಲ್ಲ. ಬಾಗಿಲು ಹಾಕಿದರೆ ಚಿಕ್ಕ ಎಸಿ ಸಾಕು.

ಸೇಡಂರಸ್ತೆ
ಸರ್, ಹಾಗಾದರೆ ಅಟ್ಟ ಏತಕ್ಕೆ? ಅದನ್ನು ನೋಡಿಯೇ ಈ ಫ್ಲ್ಯಾಟ್ ಇಷ್ಟವಾಗಿದ್ದು. ಮೆಟ್ಟಿಲು ಹತ್ತಿ ಹಳೆಯ ಪೆಟ್ಟಿಗೆ ಇಡುವ ಜಾಗ ಮಾಡುವುದಕ್ಕಾ?

ಪರಸಿಕಲ್ಲು
ಅಕ್ಕ, ಬೇಸರ ಮಾಡ್ಕೋಬೇಡಿ. ವರ್ಷಕ್ಕೆ 12 ತಿಂಗಳು. ಮಾರ್ಚ್‌ನಿಂದ ಮೊದಲ ಮಳೆವರೆಗೆ ಅಟ್ಟ ಬೇಡ. ಉಳಿದ 8 ತಿಂಗಳು ಅಟ್ಟ ನಿಮ್ಮದೇ. ದೀಪಾವಳಿಯಿಂದ ಶಿವರಾತ್ರಿವರೆಗಂತೂ ಮೇಲೆ ಮಲಗಿದರೆ ಸ್ವರ್ಗ.

ನಮ್ಮ ಹಿರಿಯರು ಇದನ್ನೇ ಮಾಡುತ್ತಿದ್ದರು. ಬೇಸಿಗೆ ಹಗಲು ಪಡಸಾಲೆ, ರಾತ್ರಿ ಮಾಳಗಿ ಮೇಲೆ, ಅಂದರೆ ಮಟ್ಟಸ ಮಣ್ಣಿನ ಸೂರಿನ ಮೇಲೆ. ಮಳೆಗಾಲದಲ್ಲಿ ಒಳಮನೆ. ಮಲಗುವ ಜಾಗ ಋತುವಿನ ಜೊತೆ ಓಡಾಡುತ್ತಿತ್ತು. ಅದಕ್ಕೇ ಹೊರಸು ಹಗುರವಾಗಿತ್ತು. ಹಾಸಿಗೆ ಸುತ್ತಿಡುವಂಥದ್ದು. 300 ಕಿಲೋ ಮಂಚ ಮಾಡಿಸಿ ಒಂದೇ ಕಡೆ ಊರಿಬಿಟ್ಟರೆ ಮಾತ್ರ ಈ ತಲೆನೋವು.

ಹಾಗಾಗಿ ಮೇಲಕ್ಕೆ ಏನು ಹಾಕಿದರೂ ಒಬ್ಬರು ಎತ್ತುವಂತಿರಲಿ. ನವಾರಿನ ಮಂಚ ಹಾಕಿ, ಅಗಲ ಪಟ್ಟಿ ಹೆಣೆದದ್ದು. ಕೆಳಗಿನಿಂದಲೂ ಗಾಳಿ ಆಡುತ್ತದೆ, ಫೋಮ್ ಹಾಸಿಗೆಯ ಹಾಗೆ ಬೆನ್ನು ಬೇಯುವುದಿಲ್ಲ. ನೆಲಕ್ಕೆ ನವಲಗುಂದದ ಜಮಖಾನ. ಮಡಚುವ ಮೇಜು. ಕೆಳಗೆ ಬೇಕಾದರೆ ಭಾರದ್ದು, ಒಮ್ಮೆ ಇಟ್ಟರೆ ಅಲುಗದಂಥದ್ದು ಮಾಡಿಸಿ.

ಜೋಳದರೊಟ್ಟಿ
ಎಲ್ಲರೂ ಬಿಸಿಲು ಬಿಸಿಲು ಅಂತೀರಿ. ಅಡುಗೆಮನೆಗೆ ಬಾಗಿಲಿಲ್ಲ ಅಂದದ್ದು ಯಾರಿಗೂ ಕೇಳಿಸಲಿಲ್ಲವಾ? ನಮ್ಮ ಮನೆಗಳಲ್ಲಿ ರೊಟ್ಟಿ ಬಡಿಯುತ್ತಾರೆ, ಪಾಸ್ತಾ ಕುದಿಸುವುದಿಲ್ಲ. ಜೋಳದ ಹಿಟ್ಟು ಹಾರಿ ಬೂದು ಸೋಫಾ ಮೇಲೆ ಕೂರುತ್ತದೆ. ಮೆಣಸಿನಕಾಯಿ ಒಗ್ಗರಣೆಯ ಘಾಟು ಬಿಸಿ ಗಾಳಿ ಜೊತೆ ಸೀದಾ ಅಟ್ಟಕ್ಕೆ. ಮೇಲೆ ಮಲಗಿದವರು ಕೆಮ್ಮಿಕೊಂಡು ಏಳುತ್ತಾರೆ. ಅಲಾರಂ ಬೇಕಾಗುವುದಿಲ್ಲ.

ಚಿಮಣಿ ಹಾಕಿಸುವಾಗ ಹೊಗೆ ಪೈಪಿನಲ್ಲಿ ಹೊರಗೆ ಹೋಗುವಂಥದ್ದೇ ಇರಲಿ. ಫಿಲ್ಟರ್ ಮಾಡಿ ಅದೇ ಗಾಳಿಯನ್ನು ಮನೆಯೊಳಗೆ ಬಿಡುವ ನಮೂನೆ ಬರುತ್ತದೆ, ಅದು ನಮ್ಮ ಒಗ್ಗರಣೆಗೆ ಸಾಲದು. ಜೊತೆಗೆ ಸರಿಯುವ ಗಾಜಿನ ಬಾಗಿಲು. ನೋಡಲು ಓಪನ್, ಬೇಕಾದಾಗ ಬಂದ್.

ಬಿಸಿಲುನಾಡು
ಒಗ್ಗರಣೆ ಮಾತು ನೂರಕ್ಕೆ ನೂರು ನಿಜ.

ಹಳೆಊರು
ಒಂದು ಮಾತು ಕೇಳಲಾ? ಲಾಫ್ಟ್ ಅಂತ ನಾವು ನೋಡುವ ಚಿತ್ರಗಳೆಲ್ಲಾ ನ್ಯೂಯಾರ್ಕಿನ ಸೋಹೋದಿಂದ ಬಂದದ್ದು. ಅಲ್ಲಿ ಕಾರ್ಖಾನೆಗಳು ಖಾಲಿಯಾದ ಮೇಲೆ 1960ರ ದಶಕದಲ್ಲಿ ಚಿತ್ರಕಾರರು ಕಡಿಮೆ ಬಾಡಿಗೆ ನೋಡಿ ಒಳಗೆ ಸೇರಿಕೊಂಡರು. ಅಲ್ಲಿ ವಾಸಕ್ಕೆ ಕಾನೂನಿನ ಒಪ್ಪಿಗೆ ಇರಲಿಲ್ಲ. 1971ರಲ್ಲಿ ಕಲಾವಿದರಿಗೆ ಮಾತ್ರ ಸಿಕ್ಕಿತು. ಎರಕದ ಕಬ್ಬಿಣದ ಕಂಬ, ಬೋಳು ಇಟ್ಟಿಗೆ, ದೊಡ್ಡ ಕಿಟಕಿ, ಯಾವುದನ್ನೂ ಅವರು ಅಂದಕ್ಕೆ ಅಂತ ಮಾಡಿಸಲಿಲ್ಲ. ಇದ್ದದ್ದೇ ಅದು. ಕಿಟಕಿ ದೊಡ್ಡದಿದ್ದದ್ದು ಕೆಲಸಗಾರರಿಗೆ ಬೆಳಕು ಬೇಕು ಅಂತ. ಆ ಊರಿನಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತದೆ, ಬಿಸಿಲು ಒಳಗೆ ಬಂದರೆ ಖುಷಿ.

ಅದನ್ನೇ ನಾವು ಇಲ್ಲಿ ಮಾಡಬೇಕಾದರೆ ನಮ್ಮಲ್ಲಿ ಇದ್ದದ್ದು ಏನು ಅಂತ ನೋಡಬೇಕಲ್ವಾ? ಶಹಾಬಾದಿನ ಪರಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು ಇದೆ. ವಾಡಿ, ಸೇಡಂನ ಸಿಮೆಂಟ್ ಇದೆ. ಕೌದಿ ಇದೆ. ಪಕ್ಕದಲ್ಲೇ ಬೀದರ್. ಪ್ಲಾಸ್ಟರ್ ಮೇಲೆ ಇಟ್ಟಿಗೆ ಚಿತ್ರದ ಟೈಲ್ ಅಂಟಿಸುವುದು ನನಗಂತೂ ನಗು ತರಿಸುತ್ತದೆ. ಅದರ ಬದಲು ಸೂರಿನ ಕಾಂಕ್ರೀಟನ್ನು ಹಾಗೇ ಬಿಡಿ. ಸಿಮೆಂಟಿನ ಜಿಲ್ಲೆಯವರು ನಾವು, ಅದಕ್ಕೆ ಪಿಒಪಿ ಹೊದಿಸುವುದು ಯಾಕೆ?

ಉಕ್ಕಿನತೊಲೆ
ಸೂರು ಬೋಳು ಬಿಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಇದು ಕೊನೆಯ ಮಹಡಿ. ಪಿಒಪಿ ಬೇಡ ಬಿಡಿ, ಆದರೆ ಸ್ಲ್ಯಾಬ್‌ಗೆ ಏನಾದರೂ ತಡೆ ಬೇಕು. ಒಳಗೆ ಮಾಡುವುದಕ್ಕಿಂತ ಹೊರಗೆ ಮಾಡುವುದು ಉತ್ತಮ. ಟೆರೇಸ್ ಮೇಲೆ ಬಿಳಿ ಟೈಲ್ ಚೂರುಗಳ ಹಾಸು ಅಥವಾ ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ. ಹಣ ಕಡಿಮೆ ಇದ್ದರೆ ಪ್ರತಿ ಬೇಸಿಗೆಗೆ ಮೊದಲು ಸುಣ್ಣ ಹೊಡೆಸಿ. ಟೆರೇಸ್ ಎಲ್ಲರದ್ದೂ ಆದ್ದರಿಂದ ಅಸೋಸಿಯೇಷನ್ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಸೋಫಾಗೆ ಮೊದಲು ಈ ಖರ್ಚು.

ಹೊರಗೆ ಅದು ಆದರೆ ಹಳೆಊರು ಹೇಳಿದ ಹಾಗೆ ಒಳಗೆ ಕಾಂಕ್ರೀಟ್ ಹಾಗೇ ಕಾಣಲಿ, ತಕರಾರಿಲ್ಲ.

ಇನ್ನೊಂದು. ಆ ಇಟ್ಟಿಗೆ ಗೋಡೆಯನ್ನು ಅಟ್ಟದ ಮೇಲಂತೂ ಕಟ್ಟಿಸಲೇಬೇಡಿ. ಅರ್ಧ ಇಟ್ಟಿಗೆಯ ಗೋಡೆ ಚದರ ಮೀಟರ್‌ಗೆ 200 ಕಿಲೋ ದಾಟುತ್ತದೆ. ಮನೆಯ ಮಹಡಿಗಳಿಗೆ ಜನ, ಸಾಮಾನು ಸೇರಿ ಲೆಕ್ಕ ಹಿಡಿಯುವುದೇ ಚದರ ಮೀಟರ್‌ಗೆ ಸುಮಾರು 200 ಕಿಲೋ. ಪುಸ್ತಕದ ಬೀರುಗಳನ್ನೂ ಸಾಲಾಗಿ ಮಧ್ಯದಲ್ಲಿ ಇಡಬೇಡಿ. ತೊಲೆಯ ಅಳತೆ ಇರುವ ಡ್ರಾಯಿಂಗನ್ನು ಬಿಲ್ಡರ್‌ ಕಡೆಯಿಂದ ಇಸ್ಕೊಳ್ಳಿ.

ಯಾದಗಿರಿಹುಡುಗ
ಸರಿ ಸರ್, ಎಸಿ ಮಾತು ವಾಪಸ್ ತಗೊಂಡೆ. ಹಾಲ್‌ಗೆ ಕೂಲರ್ ನಡೆಯುತ್ತದಾ?

ಉಕ್ಕಿನತೊಲೆ
ಚೆನ್ನಾಗಿ ನಡೆಯುತ್ತದೆ. ಎತ್ತರದ ಹಾಲ್‌ನ ಲಾಭ ಸಿಗುವುದು ಇಲ್ಲೇ. ನಮ್ಮ ಮಾರ್ಚ್, ಏಪ್ರಿಲ್, ಮೇ ಒಣ ಬಿಸಿಲು. ಗಾಳಿ ಒಣಗಿದ್ದಷ್ಟೂ ಕೂಲರ್ ತಂಪು ಜಾಸ್ತಿ. ಮಳೆ ಶುರುವಾದ ಮೇಲೆ ಅದರಿಂದ ಉಪಯೋಗವಿಲ್ಲ, ಮೈ ಅಂಟು ಅಂಟು.

ಆದರೆ ಕೂಲರ್ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು. ಎಲ್ಲ ಬಂದ್ ಮಾಡಿ ಕೂಲರ್ ಹಚ್ಚಿದರೆ ಅರ್ಧ ಗಂಟೆಯಲ್ಲಿ ಮನೆ ಒದ್ದೆ ಬಟ್ಟೆ ವಾಸನೆ. ಕೂಲರನ್ನು ಕೆಳಗೆ ಉತ್ತರದ ಕಿಟಕಿಗೆ ಕೂರಿಸಿ. ಅಟ್ಟದ ಮಟ್ಟದಲ್ಲಿ, ಆದಷ್ಟು ಸೂರಿನ ಹತ್ತಿರ, ತೆರೆಯುವ ಕಿಟಕಿ ಮಾಡಿಸಿ. ತಂಪು ಕೆಳಗೆ ತುಂಬುತ್ತದೆ, ಬಿಸಿ ಗಾಳಿ ಮೇಲಿನಿಂದ ಹೊರಬೀಳುತ್ತದೆ. ಹಳೆ ಮಾಳಗಿ ಮನೆಯ ಬೆಳಕಿಂಡಿ ಮಾಡುತ್ತಿದ್ದ ಕೆಲಸವೂ ಇದೇ. ಬೆಳಕೂ ಬರುತ್ತಿತ್ತು, ಬಿಸಿಯೂ ಹೋಗುತ್ತಿತ್ತು. ಈಗ ನಿಮ್ಮ ಗಾಜಿನ ಗೋಡೆಯಲ್ಲಿ ಮೇಲಿನ ಭಾಗ ತೆರೆಯುತ್ತದಾ?

ಸೇಡಂರಸ್ತೆ
ಇಲ್ಲ ಸರ್. ಕೆಳಗೆ ಎರಡು ಸರಿಯುತ್ತವೆ. ಮೇಲಿನದೆಲ್ಲಾ ಫಿಕ್ಸ್.

ಉಕ್ಕಿನತೊಲೆ
ಹಾಗಾದರೆ ಇದೇ ಮೊದಲ ಕೆಲಸ. ಮೇಲಿನ ಒಂದೆರಡು ಗಾಜು ತೆಗೆಸಿ ಹೊರಕ್ಕೆ ತೆರೆಯುವ ಹಾಗೆ ಮಾಡಿಸಿ, ಕೆಳಗಿನಿಂದ ಸರಪಳಿ ಎಳೆದು ತೆರೆಯಬಹುದು. ಬಲೆ ಹಾಕಿಸುವುದು ಮರೆಯಬೇಡಿ. ಇಲ್ಲವಾದರೆ ಪಾರಿವಾಳಗಳು ತೊಲೆ ಮೇಲೆ ಸಂಸಾರ ಹೂಡುತ್ತವೆ. ಗಾಜಿಗೆ ಪರದೆಯನ್ನು ಒಳಗೆ ಹಾಕಿದರೆ ಬಿಸಿಲು ಆಗಲೇ ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ನೆರಳು ಗಾಜಿನ ಹೊರಗೇ ಇರಬೇಕು. ಬಾಲ್ಕನಿ ಕಡೆ ಬಿದಿರಿನ ಚಿಕ್, ಅಂದರೆ ಕಡ್ಡಿ ಪರದೆ ಇಳಿಬಿಡಿ. ಖಸ್ (ಲಾವಂಚದ ಬೇರು) ತಟ್ಟಿಗೆ ನೀರು ಹೊಡೆದರೆ ಇನ್ನೂ ಒಳ್ಳೆಯದು, ವಾಸನೆಯೂ ಚೆನ್ನ.

ಪರಸಿಕಲ್ಲು
ಹೆಸರು ನೋಡಿ ಗೊತ್ತಾಗಿರಬೇಕು, ನಮ್ಮದು ಕಲ್ಲಿನ ಮನೆತನ. ಹಾಗಾಗಿ ಹೇಳಲೇಬೇಕು: ನೆಲಕ್ಕೆ ಶಹಾಬಾದ್ ಪರಸಿ ಹಾಕಿಸಿ. ಬೇಸಿಗೆಯಲ್ಲಿ ಬರಿಗಾಲಿಗೆ ತಂಪು. ಬೂದು ಬಣ್ಣವೇ ಬೇಕಾದರೆ ಇದಕ್ಕಿಂತ ಒಳ್ಳೆಯ ಬೂದು ಎಲ್ಲಿದೆ?

ಜೋಳದರೊಟ್ಟಿ
ಅಡುಗೆಮನೆ ಕಟ್ಟೆಗೆ ಮಾತ್ರ ಬೇಡ. ಪರಸಿ ಸುಣ್ಣದ ಕಲ್ಲು. ಹುಣಸೆ ನೀರು, ಲಿಂಬೆ ಬಿದ್ದರೆ ಪಾಲಿಶ್ ತಿಂದುಬಿಡುತ್ತದೆ. ನಮ್ಮ ಮನೆ ಕೆಲಸದವಳು ಬಾತ್‌ರೂಮ್ ಆ್ಯಸಿಡ್ ಹಾಕಿ ಹಾಲ್ ಒರೆಸಿದಳು. ಕಲೆ ಇವತ್ತಿಗೂ ಇದೆ. ಅಡುಗೆ ಕಟ್ಟೆಗೆ ಗ್ರಾನೈಟ್.

ಪರಸಿಕಲ್ಲು
ಒಪ್ಪಿದೆ ಅಕ್ಕಾ. ಅಡುಗೆ ಕಟ್ಟೆಗೆ ನಾನೂ ಗ್ರಾನೈಟೇ ಹೇಳುತ್ತೇನೆ, ವ್ಯಾಪಾರ ಹೋದರೂ ಪರವಾಗಿಲ್ಲ.

ಸೇಡಂರಸ್ತೆ
ಬಿಲ್ಡರ್ ಈಗಾಗಲೇ ಬಿಳಿ ವಿಟ್ರಿಫೈಡ್ ಟೈಲ್ ಹಾಕಿದ್ದಾರೆ. ಕನ್ನಡಿ ತರಹ ಹೊಳೆಯುತ್ತದೆ. ಸಂಜೆ ಬಿಸಿಲಿಗೆ ಕಣ್ಣು ಕುಕ್ಕುತ್ತದೆ.

ಪರಸಿಕಲ್ಲು
ಅದನ್ನು ಒಡೆಸಬೇಡಿ, ದುಡ್ಡು ದಂಡ. ಅದರ ಮೇಲೇ ಪರಸಿ ಹಾಸಿದರೆ ನೆಲ ಎತ್ತರವಾಗಿ ಬಾಗಿಲುಗಳು ತಾಗುತ್ತವೆ. ಅದರ ಬದಲು ಕಬ್ಬಿಣದ ಚೌಕಟ್ಟು ಮಾಡಿಸಿ, ಮೇಲೆ ಪರಸಿ ಕೂರಿಸಿ. ಉತ್ತರದ ಗೋಡೆಗೆ ಉದ್ದಕ್ಕೆ ಒಂದು ಕಟ್ಟೆ, ಕೂರಲೂ ಆಯಿತು, ಕೆಳಗೆ ಸಾಮಾನೂ ಇಡಬಹುದು. ಸೋಫಾ ಮುಂದೆ ಒಂದು ಮೇಜು. 4 ಅಡಿ ಉದ್ದ 2 ಅಡಿ ಅಗಲದ ಒಂದು ಇಂಚಿನ ಕಲ್ಲು 50 ಕಿಲೋ ಹತ್ತಿರ ಬರುತ್ತದೆ. ಮೂಲೆ ದುಂಡಗೆ ಉಜ್ಜಿಸಿ, ಮಗು ಓಡಾಡುತ್ತದೆ. ನೀವು ಕೇಳಿದ ಕಪ್ಪು ಕಬ್ಬಿಣವೂ ಬಂತು, ನಮ್ಮ ಕಲ್ಲೂ ಬಂತು.

ಲೆದರ್ ಸೋಫಾ ಬಿಟ್ಟುಬಿಡಿ. ಲೆದರ್ ಹೆಸರಿನಲ್ಲಿ ಕೊಡುವುದು ಬಹಳಷ್ಟು ರೆಕ್ಸಿನ್. ಬೇಸಿಗೆಯಲ್ಲಿ ಬೆನ್ನಿಗೆ ಅಂಟುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ತೇಗದ ಚೌಕಟ್ಟು, ಒಗೆಯಲು ಬರುವ ಹತ್ತಿ ಕವರ್.

ಬೀದರ್‌ಕೋಟೆ
ತಡವಾಗಿ ಬಂದೆ. ಅಲಂಕಾರದ ಮಾತು ಯಾರೂ ಆಡಿಲ್ಲ, ಹಾಗಾಗಿ ಎರಡು ಮಾತು.

ನೀವು ಕಪ್ಪು ಬಣ್ಣ ಇಷ್ಟಪಡುತ್ತೀರಿ. ಕಪ್ಪನ್ನು ದೊಡ್ಡ ಗೋಡೆಗೆ ಬಳಿಯಬೇಡಿ. ನಮ್ಮ ಕಡೆ ಧೂಳು ಜಾಸ್ತಿ, ಕಪ್ಪು ಗೋಡೆ ಸಂಜೆಯೊಳಗೆ ಬೂದು ಬಣ್ಣಕ್ಕೆ ತಿರುಗುತ್ತದೆ. ಕಪ್ಪನ್ನು ಚಿಕ್ಕದರಲ್ಲಿ ಇಡಿ, ಪಕ್ಕದಲ್ಲಿ ಏನಾದರೂ ಹೊಳೆಯುವುದಿರಲಿ. ಬೀದರ್ ಕೋಟೆಯ ರಂಗೀನ್ ಮಹಲ್‌ಗೆ ಹೋಗಿದ್ದರೆ ನೆನಪಿರಬೇಕು. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಬಾಗಿಲ ಸುತ್ತ ಅಷ್ಟೇ. ಅಷ್ಟಕ್ಕೇ ಕಣ್ಣು ಅಲ್ಲಿ ನಿಲ್ಲುತ್ತದೆ.

ಬಿದ್ರಿಯದೂ ಇದೇ ಲೆಕ್ಕ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಲೋಹ, ಅದರಲ್ಲಿ ಬೆಳ್ಳಿ ಎಳೆ. ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಸವರಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಬಂದಿದೆ. ಹತ್ತು ಸಣ್ಣ ಸಾಮಾನು ಕೊಂಡು ಶೋಕೇಸ್ ತುಂಬುವ ಬದಲು ಒಂದು ದೊಡ್ಡ ಹೂಜಿ ತಗೊಳ್ಳಿ. ಬಿಳಿ ಗೋಡೆಯ ಮುಂದೆ ಇಟ್ಟು ಪಕ್ಕದಿಂದ ಬೆಳಕು ಬಿಡಿ. ಹುಣಸೆ ಹಚ್ಚಿ ತಿಕ್ಕಬೇಡಿ, ಹಿತ್ತಾಳೆ ಪಾಲಿಶ್ ಬೇಡವೇ ಬೇಡ, ಕಪ್ಪು ಹೋಗುತ್ತದೆ. ಒಣ ಬಟ್ಟೆ, ಆಗಾಗ ಒಂದು ಹನಿ ಕೊಬ್ಬರಿ ಎಣ್ಣೆ. ಕೂಲರ್ ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ ಇಡಬೇಡಿ.

ಹಳೆಊರು
ಹಾಲ್ ಎತ್ತರ ಇದ್ದರೆ ಮಾತು ಗುಂಯ್‌ಗುಡುತ್ತದೆ, ಅದನ್ನೂ ನೋಡಿಕೊಳ್ಳಿ. ಟಿವಿ ಹಚ್ಚಿದರೆ ಪಕ್ಕದವರ ಮಾತು ಕೇಳಿಸದು. ಎತ್ತರದ ಗೋಡೆಗೆ ಒಂದು ಹಳೆಯ ಕೌದಿ ತೂಗುಹಾಕಿ. ಸದ್ದನ್ನೂ ಹೀರುತ್ತದೆ, ಇಟ್ಟಿಗೆ ಗೋಡೆಯ ಜಾಗವೂ ತುಂಬುತ್ತದೆ. ಕೌದಿ ಹೊಲಿಯುವವರು ಈಗಲೂ ಹಳ್ಳಿಗಳಲ್ಲಿ ಇದ್ದಾರೆ, ನಿಮ್ಮ ಮನೆಯ ಹಳೆ ಸೀರೆಗಳನ್ನೇ ಕೊಡಿ.

ಸೇಡಂರಸ್ತೆ
ಅತ್ತೆಗೆ ಎಲ್ಲ ಓದಿ ಹೇಳಿದೆ. ಕೌದಿ ಮಾತಿಗೆ ಬಹಳ ಖುಷಿಪಟ್ಟರು. ಆಮೇಲೆ "ಗೋಡೆಗೆ ಯಾಕೆ ತೂಗುಹಾಕ್ತಾರೆ, ಹೊದ್ದುಕೊಳ್ಳೋದಕ್ಕೆ ಇರೋದು" ಅಂದರು. ಡ್ರಾಯಿಂಗ್‌ನಲ್ಲಿ ದೇವರಿಗೆ ಮೆಟ್ಟಿಲ ಕೆಳಗೆ ಜಾಗ ತೋರಿಸಿದ್ದಾರೆ. ತಲೆ ಮೇಲೆ ಎಲ್ಲರೂ ತುಳಿದು ಹೋಗುವ ಜಾಗದಲ್ಲಿ ದೇವರು ಬೇಡ ಅಂತ ಖಡಾಖಂಡಿತ ಹೇಳಿದ್ದಾರೆ. ಪೂರ್ವದ ಗೋಡೆಯಲ್ಲಿ ಗೂಡು ಮಾಡಿಸಬೇಕಂತೆ. ಮಂಡಿನೋವು ಇರುವುದರಿಂದ ಅಟ್ಟ ಅವರು ಹತ್ತುವುದಿಲ್ಲ.

ಜೋಳದರೊಟ್ಟಿ
ಅತ್ತೆ ಹೇಳಿದ್ದು ಸರಿ. ಮೆಟ್ಟಿಲ ಕೆಳಗೆ ಜೋಳದ ಡಬ್ಬಿ, ಇನ್ವರ್ಟರ್ ಇಡಿ. ಅಂದ ಹಾಗೆ ನಲ್ಲಿಗಳು ಕಪ್ಪು ಬಣ್ಣದವು ಬೇಡ. ಬೋರ್ ನೀರು ಬಂದರೆ ಬಿಳಿ ಕಲೆ ಎದ್ದು ಕಾಣುತ್ತದೆ, ದಿನಾ ತಿಕ್ಕಬೇಕು.

ಉಕ್ಕಿನತೊಲೆ
ಮಗಳ ವಿಷಯ ಬಾಕಿ ಇದೆ. ಡಿಸೈನರ್ ರೇಲಿಂಗ್‌ಗೆ ಅಡ್ಡ ಕಂಬಿಗಳನ್ನು ತೋರಿಸಿರಬೇಕು, ಈಗ ಅದೇ ಫ್ಯಾಷನ್. ಮಕ್ಕಳಿಗೆ ಅದು ಏಣಿ. ನಿಲುವು ಕಂಬಿ ಹಾಕಿಸಿ, ನಡುವಿನ ಸಂದು 4 ಇಂಚು ದಾಟಬಾರದು. ಎತ್ತರ ಮೂರೂವರೆ ಅಡಿ. ರೇಲಿಂಗ್ ಪಕ್ಕದಲ್ಲಿ ಸ್ಟೂಲ್, ಮಂಚ ಯಾವುದೂ ಇರಬಾರದು. ಮೆಟ್ಟಿಲು ಒಂದೊಂದೂ 7 ಇಂಚು ಎತ್ತರ, 10 ಇಂಚು ಅಗಲ ಇರಲಿ. ಸುತ್ತು ಮೆಟ್ಟಿಲು ಬೇಡ, ನವಾರಿನ ಮಂಚವೂ ಅದರಲ್ಲಿ ಮೇಲೇರದು. ಅಟ್ಟಕ್ಕೆ ಹೋಗುವಲ್ಲಿ ಚಿಕ್ಕ ಗೇಟ್.

ಸೇಡಂರಸ್ತೆ
ಹೌದು ಸರ್, ಅಡ್ಡ ಕಂಬಿಯೇ ತೋರಿಸಿದ್ದಾರೆ! ಬದಲಿಸಲು ಹೇಳುತ್ತೇನೆ.

ಈಗ ಹೀಗೆ ಅಂದುಕೊಂಡಿದ್ದೇವೆ. ಮೊದಲು ಟೆರೇಸ್ ಬಿಳುಪು, ಮೇಲಿನ ಕಿಟಕಿ, ಚಿಕ್, ರೇಲಿಂಗ್. ಆಮೇಲೆ ಚಿಮಣಿ, ಗಾಜಿನ ಬಾಗಿಲು. ಕೆಳಗಿನ ರೂಮಿಗೆ ಮಂಚ, ಚಿಕ್ಕ ಎಸಿ. ಅತ್ತೆಗೆ ಹಾಲ್‌ನಲ್ಲಿ ಪರಸಿ ಕಟ್ಟೆಯ ಪಕ್ಕ ದಿವಾನ್. ಬೇಸಿಗೆ ರಾತ್ರಿ ಅವರೂ ಮಗಳೂ ಎಸಿ ರೂಮಿನಲ್ಲಿ, ನಾವು ಕೂಲರ್ ಮುಂದೆ. ಸೋಫಾ ಬಟ್ಟೆಯದು. ಅಟ್ಟಕ್ಕೆ ನವಾರಿನ ಮಂಚ, ಜಮಖಾನ. ಇಟ್ಟಿಗೆ ಟೈಲ್ ಕೈಬಿಟ್ಟೆವು. ತೂಗುವ ಬಲ್ಬು ಮಾತ್ರ ಬಿಡಲು ಮನಸ್ಸಿಲ್ಲ. ಇನ್ನು ಹಾಲ್ ಫ್ಯಾನ್ ಎಷ್ಟು ಕೆಳಗೆ ಇಳಿಸಬೇಕು?

ಬಿಸಿಲುನಾಡು
ಬಲ್ಬು ಇರಲಿ ಅಕ್ಕ. ಹಳೆ ತಂತಿಯ ಬಲ್ಬು ಬೇಡ, ಅದೂ ಬಿಸಿ ಮಾಡುತ್ತದೆ. ಅದೇ ಆಕಾರದ ಎಲ್‌ಇಡಿ ಸಿಗುತ್ತದೆ, 2700 ಕೆಲ್ವಿನ್ ಅಂತ ಕೇಳಿ, ಹಳದಿ ಬೆಳಕು. ಅಟ್ಟದ ಮೇಲೆ ನಿಂತು ಕೈಗೆ ಸಿಗುವ ಜಾಗದಲ್ಲಿ ತೂಗುಹಾಕಿಸಿ, ದೊಡ್ಡವರ ಕೈಗೆ ಮಾತ್ರ. ಇಲ್ಲವಾದರೆ ಬಲ್ಬು ಬದಲಿಸಲು ಪ್ರತಿ ಸಲ ಏಣಿಯವನನ್ನು ಕರೆಯಬೇಕು.

ಉಕ್ಕಿನತೊಲೆ
ಫ್ಯಾನ್ ಬಗ್ಗೆ ಸ್ವಲ್ಪ ಯೋಚಿಸಿ. ಗಾಳಿ ಮೈಗೆ ತಾಗಬೇಕಾದರೆ ರೆಕ್ಕೆ ನೆಲದಿಂದ 9 ಅಡಿಯಲ್ಲಿ ಇರಬೇಕು. ನಿಮ್ಮ ಅಟ್ಟದ ನೆಲ ಎಂಟೂವರೆ ಅಡಿಯಲ್ಲಿದೆ. ಅಂದರೆ ರೇಲಿಂಗ್ ಸಂದಿನಿಂದ ಮಗು ಕೈ ಚಾಚಿದರೆ ರೆಕ್ಕೆ ಅದೇ ಮಟ್ಟದಲ್ಲಿ ತಿರುಗುತ್ತಿರುತ್ತದೆ. ರೆಕ್ಕೆಯ ತುದಿಗೂ ರೇಲಿಂಗಿಗೂ ಕನಿಷ್ಠ 4 ಅಡಿ ಬಿಡಲು ಆಗುತ್ತದಾ ಅಳೆದು ನೋಡಿ. ಆಗದಿದ್ದರೆ ಹಾಲ್ ನಡುವೆ ಫ್ಯಾನ್ ಬೇಡ. ಎದುರು ಗೋಡೆಗೆ ಎರಡು ವಾಲ್ ಫ್ಯಾನ್, ಅಟ್ಟದ ಕೆಳಗೆ ಜಾಲರಿ ಇರುವ ಚಿಕ್ಕದೊಂದು. ತೊಲೆಗೆ ಕೊಕ್ಕೆ ಹಾಕುವಾಗ ವೆಲ್ಡಿಂಗ್ ಮಾಡಿಸಬೇಡಿ, ತೂತೂ ಕೊರೆಸಬೇಡಿ, ಕ್ಲಾಂಪ್ ಸಾಕು.